ಸಂಸಾರ ಸೌಖ್ಯ: ಹೊಗೆಸೊಪ್ಪೂ ಹೃದಯವೂ

ಹೊಗೆಸೊಪ್ಪು ಬಾಯಿಗೆ ಶತ್ರುವೆಂಬುದನ್ನು ಈಗ ಯಾರಿಗೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಪೊಟ್ಟಣದ ಮೇಲೆಯೇ ಭೀಕರವಾದ ಚಿತ್ರವಿರುತ್ತದೆ. 2016ರ ಏಪ್ರಿಲ್ ತಿಂಗಳಿಂದ ಈಚೆಗಂತೂ ಆ ಎಚ್ಚರಿಕೆಯು ಪೊಟ್ಟಣದ ಮುಖದಲ್ಲಿ ನೂರಕ್ಕೆ 85 ಪಾಲನ್ನು ಆಕ್ರಮಿಸಿಕೊಂಡಿದೆ. ನಮ್ಮ ಈ ಕಾಶೀಪಟ್ಟಣದಲ್ಲಿಯೇ 2019ರ ಫೆಬ್ರವರಿಯಲ್ಲಿ ಟಾಟಾ ಸ್ಮಾರಕ ಕೇಂದ್ರದವರ ಎರಡು ಕ್ಯಾನ್ಸರ್ ಆಸ್ಪತ್ರೆಗಳು, ಒಂದು ಲಹರತಾರಾದಲ್ಲಿ, ಇನ್ನೊಂದು ಹಿಂದೂ ವಿಶ್ವವಿದ್ಯಾನಿಲಯದ ಆವರಣದಲ್ಲಿ, ಉದ್ಘಾಟನೆಗೊಂಡವು. ಅಲ್ಲಿಗೆ ಯಾರನ್ನಾದರೂ ನೋಡಲು ಹೋಗಿ ಬಂದವರು ಜರ್ದಾ ಡಬ್ಬಿಯನ್ನು ಮುಟ್ಟುವ ಮುನ್ನ ಒಮ್ಮೆಯಾದರೂ ಯೋಚಿಸುತ್ತಾರೆ.

ಆದರೆ ಅದೇ ಮಹನೀಯರನ್ನು, “ಸ್ವಾಮಿ, ಈ ಸೊಪ್ಪು ಹೃದಯಕ್ಕೆ ಏನು ಮಾಡುತ್ತದೆ ಬಲ್ಲಿರಾ?” ಎಂದು ಕೇಳಿ ನೋಡಿ. ಹೆಚ್ಚಿನವರು ನಗುತ್ತಾರೆ. ಎಲೆಯಡಿಕೆಯನ್ನು ಅಗಿಯುವುದು ಬಾಯಿ, ಹೊಗೆಯನ್ನು ಎಳೆಯುವುದು ಶ್ವಾಸಕೋಶ. ನಡುವೆ ಹೃದಯ ಎಲ್ಲಿಂದ ಬಂತು ಎಂದು ಅವರೇ ನಮ್ಮನ್ನು ಮರಳಿ ಕೇಳುತ್ತಾರೆ. ಅದು ಬಂದ ದಾರಿಯನ್ನು ತೋರಿಸುವುದೇ ಈ ಸಲದ ನಮ್ಮ ಉದ್ದೇಶ. ಏಕೆಂದರೆ ಲೆಕ್ಕ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ತಿಳಿಸಿದ ಪ್ರಕಾರ ಹೊಗೆಸೊಪ್ಪಿನಿಂದುಂಟಾದ ಹೃದ್ರೋಗದಿಂದ ಪ್ರಪಂಚದಲ್ಲಿ ವರ್ಷಕ್ಕೆ 19 ಲಕ್ಷ ಜನ ಸಾಯುತ್ತಾರೆ. ಹೃದ್ರೋಗದಿಂದ ಸಾಯುವ ಐದು ಜನರಲ್ಲಿ ಒಬ್ಬರ ಪಾಲಿಗೆ ಈ ಸೊಪ್ಪೇ ಯಮದೂತ. ಹೊಗೆಯಿಲ್ಲದೆ, ಬರೀ ಅಗಿದು ಅಥವಾ ದವಡೆಯಲ್ಲಿಟ್ಟುಕೊಂಡು ಹೃದಯ ಕೆಡಿಸಿಕೊಂಡು ಸಾಯುವವರೇ ವರ್ಷಕ್ಕೆ ಸುಮಾರು ಎರಡು ಲಕ್ಷ.

ನಾವು ವೈದ್ಯರಲ್ಲ. ಬಿ.ಎ. ಪಾಸು ಮಾಡಿ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ದಿನ ಕಳೆಯುವ ಗುಮಾಸ್ತರು. ವೈದ್ಯರು ಬರೆದಿಟ್ಟಿರುವುದನ್ನು ಓದಿ, ಕೂಡಿ ಕಳೆದು, ಮನೆಮಂದಿಗೆ ತಿಳಿಯುವಂತೆ ಹೇಳುವುದಷ್ಟೇ ನಮ್ಮ ಕೆಲಸ. ಔಷಧಿ, ಚಿಕಿತ್ಸೆಗಳ ಮಾತು ವೈದ್ಯರದು.

ಮೊದಲು ನಮ್ಮ ಊರಿನ ಮಾತು. ಕಾಶಿಯ ಪಾನಿನ ಕೀರ್ತಿಯನ್ನು ನಾವು ವರ್ಣಿಸಬೇಕಾದುದಿಲ್ಲ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಎಲೆ, ಸುಣ್ಣ, ಕಾಚು, ಏಲಕ್ಕಿ, ಲವಂಗ ಇಷ್ಟರ ತನಕ ಹೃದಯಕ್ಕೆ ಅಂಥ ತಕರಾರಿಲ್ಲ. ಅಡಿಕೆಯೂ ನಿರಪರಾಧಿಯೇನಲ್ಲ, ಬಾಯಿ ಬಿಗಿದುಕೊಳ್ಳುವ ರೋಗಕ್ಕೂ ಬಾಯಿಯ ಕ್ಯಾನ್ಸರಿಗೂ ಅದು ಕಾರಣವೆಂದು ವಿಜ್ಞಾನಿಗಳು ತೀರ್ಮಾನಿಸಿದ್ದಾರೆ. ಮಲೆನಾಡಿನಿಂದ ಬಂದ ನಮ್ಮ ವಾಚಕರು ಈ ಮಾತಿಗೆ ಮುನಿಸಿಕೊಳ್ಳಬಾರದು. ಆದರೆ ಈ ಹೊತ್ತಿನ ನಮ್ಮ ದೂರು ಅದರ ಮೇಲಲ್ಲ; ಅಂಗಡಿಯವನು ಕೊನೆಯಲ್ಲಿ ಚಿಟಿಕೆಯಷ್ಟು ಉದುರಿಸುವ ಜರ್ದಾದ ಮೇಲೆ, ಕಡ್ಡಿಯ ತುದಿಯಿಂದ ಸವರುವ ಕಿಮಾಮಿನ ಮೇಲೆ. ಕಚೇರಿಯ ಜವಾನರು ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿ ತಟ್ಟಿ ತುಟಿಯೊಳಗಿಡುವ ಖೈನಿ, ಗಲ್ಲಿಯ ಹೆಂಗಸರು ಹಲ್ಲಿಗೆ ಉಜ್ಜುವ ಗುಲ್, ನಮ್ಮ ಕಡೆಯ ಅಜ್ಜಿಯರ ಕಡ್ಡಿಪುಡಿ, ಅಜ್ಜಂದಿರ ನಶ್ಯ, ಬೀಡಿ, ಸಿಗರೇಟು, ಹುಕ್ಕಾ ಇವೆಲ್ಲವೂ ಒಂದೇ ಮನೆತನದವು. ಹೆಸರು ಬೇರೆ, ಗೋತ್ರ ಒಂದೇ.

2016-17ರ ದೇಶವ್ಯಾಪಿ ಸಮೀಕ್ಷೆಯೊಂದರ ಪ್ರಕಾರ ಉತ್ತರ ಪ್ರದೇಶದ ವಯಸ್ಕರಲ್ಲಿ ನೂರಕ್ಕೆ 35.5 ಜನ ಹೊಗೆಸೊಪ್ಪನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುತ್ತಿದ್ದರು. ಕರ್ನಾಟಕದಲ್ಲಿ ಈ ಸಂಖ್ಯೆ 22.8. ಅಂದಮೇಲೆ ನಾವು ಹುಟ್ಟಿದ ನಾಡಿಗಿಂತ ಬದುಕಲು ಬಂದ ನಾಡಿನಲ್ಲಿ ಈ ಚಟದ ಗಾಳಿ ಹೆಚ್ಚು. ಊರಿನಲ್ಲಿ ಹಬ್ಬದ ದಿನ ಮಾತ್ರ ಎಲೆ ಹಾಕುತ್ತಿದ್ದವರು ಇಲ್ಲಿಗೆ ವರ್ಗವಾಗಿ ಬಂದ ಮೂರನೆಯ ತಿಂಗಳಿಗೆ, “ಭಯ್ಯಾ, ಏಕ್ ಸೌ ಬೀಸ್ ನಂಬರ್” ಎಂದು ನಿರರ್ಗಳವಾಗಿ ಹೇಳುವುದನ್ನು ನಾವು ಕೇಳಿದ್ದೇವೆ. ಹಿಂದೀ ಭಾಷೆಯಲ್ಲಿ ಅವರಿಗೆ ಮೊದಲು ಬಂದ ಪಾಂಡಿತ್ಯವೇ ಅದು!

ಆದರೆ ಈ ವಿಷಯದಲ್ಲಿ ಉತ್ತರದವರನ್ನೇ ದೂರುವುದು ನ್ಯಾಯವಲ್ಲ. ಚರಿತ್ರೆಯನ್ನು ತೆರೆದು ನೋಡಿದರೆ ಸಾಲ ನಮ್ಮ ಕಡೆಗೇ ಬರುತ್ತದೆ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ತೀರಕ್ಕೆ ಬಂದದ್ದು. ಅಕ್ಬರ ಬಾದಶಹನ ರಾಯಭಾರಿಯಾಗಿ ಬಿಜಾಪುರಕ್ಕೆ ಹೋಗಿದ್ದ ಅಸದ್ ಬೇಗ್ ಎಂಬಾತನು ಅಲ್ಲಿ ಈ ಸೊಪ್ಪನ್ನು ಕಂಡು ಬೆರಗಾಗಿ, ಸುಮಾರು 1604-05ರಲ್ಲಿ ಆಗ್ರಾಕ್ಕೆ ಹಿಂದಿರುಗುವಾಗ ಅದನ್ನೂ ರತ್ನಖಚಿತವಾದ ಸೇದುಕೊಳವೆಯನ್ನೂ ತಂದು ದೊರೆಯ ಮುಂದಿಟ್ಟನು. ಅಕ್ಬರನು ಕುತೂಹಲದಿಂದ ಎರಡು ಮೂರು ದಮ್ಮು ಎಳೆದನಂತೆ. ಆಸ್ಥಾನದ ವೈದ್ಯನು ಅಡ್ಡ ಬಂದು, ಇದು ನಮ್ಮ ಗ್ರಂಥಗಳಲ್ಲಿ ಇಲ್ಲದ, ಗುಣ ತಿಳಿಯದ ವಸ್ತು, ಬೇಡ ಎಂದು ತಡೆದನು. ಬಾದಶಹನು ಆ ಮಾತಿಗೆ ಬೆಲೆ ಕೊಟ್ಟು ನಿಲ್ಲಿಸಿದನು. ಸರದಾರರು ಮಾತ್ರ ಬಿಡಲಿಲ್ಲ. 1617ರಲ್ಲಿ ಜಹಾಂಗೀರನು ನಿಷೇಧದ ಆಜ್ಞೆ ಹೊರಡಿಸುವ ಹೊತ್ತಿಗೆ ಚಟ ಬೇರೂರಿಬಿಟ್ಟಿತ್ತು. ಹೀಗೆ ಕನ್ನಡನಾಡಿನ ರಾಜಧಾನಿಯೊಂದರಿಂದ ಉತ್ತರಕ್ಕೆ ಹೊರಟ ಸೊಪ್ಪು, ಕಾಶಿಯಲ್ಲಿ ಸುಗಂಧ ಪೂಸಿಕೊಂಡು ಜರ್ದಾ ಎಂಬ ಬಿರುದು ಪಡೆದು, ಈಗ ತಗಡಿನ ಡಬ್ಬಿಯಲ್ಲಿ ಕುಳಿತು ನಮ್ಮ ನೆಂಟರಿಷ್ಟರ ಮನೆಗಳಿಗೆ ಮರಳುತ್ತಿದೆ. ಆ ವೈದ್ಯನ ಮಾತನ್ನು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಇರಲಿ. ಈಗ ಹೃದಯದ ದಾರಿಯನ್ನು ಹಿಡಿಯೋಣ.

ಹೃದಯವು ನಮ್ಮ ಮುಷ್ಟಿಯಷ್ಟು ಗಾತ್ರದ ಮಾಂಸದ ಪಂಪು. ನಿಮಿಷಕ್ಕೆ 72 ಸಲದಂತೆ ಬಡಿದರೆ ದಿನಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಬಡಿತಗಳಾಗುತ್ತವೆ. ಊರಿಗೆಲ್ಲ ರಕ್ತ ಹಂಚುವ ಈ ಪಂಪಿಗೂ ತನ್ನ ಪಾಲಿನ ರಕ್ತ ಬೇಕು. ಅದನ್ನು ಒದಗಿಸುವುದಕ್ಕೆ ಹೃದಯದ ಮೈಮೇಲೆಯೇ ಹಬ್ಬಿರುವ ಧಮನಿಗಳಿವೆ. ಅವುಗಳ ಅಗಲ ಮೂರು ನಾಲ್ಕು ಮಿಲಿಮೀಟರು, ಅಂದರೆ ಮಕ್ಕಳು ಶರಬತ್ತು ಹೀರುವ ಸಣ್ಣ ಕೊಳವೆಯಷ್ಟು. ಇಷ್ಟು ಸಪುರಾದ ಕಾಲುವೆಯಲ್ಲಿ ಒಂದಿಷ್ಟು ಹೂಳು ತುಂಬಿದರೂ ಗದ್ದೆ ಒಣಗಿತೆಂದೇ ಲೆಕ್ಕ.

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಸ್ತು ರಕ್ತಕ್ಕೆ ಸೇರಿದೊಡನೆ ದೇಹಕ್ಕೆ ಹುಲಿ ಕಂಡಷ್ಟು ಗಾಬರಿಯಾಗುತ್ತದೆ. ಅಪಾಯ ಬಂದಾಗ ಮಾತ್ರ ಸುರಿಯಬೇಕಾದ ಅಡ್ರಿನಲಿನ್ ಎಂಬ ರಸ ಸುರಿಯುತ್ತದೆ. ನಾಡಿ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತದ ಒತ್ತಡ ಹೆಚ್ಚುತ್ತದೆ. ಗುಮಾಸ್ತರ ಅಭ್ಯಾಸ, ಒಂದು ಲೆಕ್ಕ ಹಾಕಿ ನೋಡಿದೆವು. ನಿಮಿಷಕ್ಕೆ ಹತ್ತು ಬಡಿತ ಹೆಚ್ಚಾಯಿತೆಂದೂ, ದಿನಕ್ಕೆ ಹತ್ತು ಗಂಟೆ ಬಾಯಲ್ಲಿ ಸೊಪ್ಪಿರುವವರಿಗೆ ಅಷ್ಟೂ ಹೊತ್ತು ಹೀಗೆ ನಡೆಯಿತೆಂದೂ ಇಟ್ಟುಕೊಂಡರೆ ದಿನಕ್ಕೆ 6,000, ವರ್ಷಕ್ಕೆ 21,90,000 ಹೆಚ್ಚಿನ ಬಡಿತಗಳು. ಯಾವ ಭತ್ಯೆಯೂ ಇಲ್ಲದೆ, ಭಾನುವಾರದ ರಜವೂ ಇಲ್ಲದೆ ಇಷ್ಟು ಹೆಚ್ಚು ಕೆಲಸವನ್ನು ಯಾವ ಕಚೇರಿಯಲ್ಲಿ ಯಾರು ಮಾಡಿಯಾರು? ಅದೂ, ಕೆಲಸ ಹೆಚ್ಚಾದ ಹೊತ್ತಿನಲ್ಲಿಯೇ ಹೃದಯಕ್ಕೆ ಅನ್ನ ಒಯ್ಯುವ ಧಮನಿ ಬಿಗಿದುಕೊಳ್ಳುತ್ತದೆ. ದುಡಿಮೆ ಏರಿಸಿ ಊಟ ಕಡಿಮೆ ಮಾಡಿದಂತೆ.

ಹೊಗೆ ಸೇದುವವರಿಗೆ ಇನ್ನೊಂದು ಶಿಕ್ಷೆಯಿದೆ. ಉರಿಯುವ ಸೊಪ್ಪಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ರಕ್ತದ ಕೆಂಪು ಕಣಗಳಲ್ಲಿ ಆಮ್ಲಜನಕ ಕೂರಬೇಕಾದ ಸ್ಥಾನದಲ್ಲಿ ಇದು ಹೋಗಿ ಕೂರುತ್ತದೆ. ಕೆಂಪು ಕಣಕ್ಕೆ ಆಮ್ಲಜನಕಕ್ಕಿಂತ ಇದರ ಮೇಲೆ ಇನ್ನೂರು ಪಟ್ಟಿಗೂ ಮಿಕ್ಕ ಮೋಹ. ರಿಸರ್ವು ಮಾಡಿದ ಸೀಟಿನಲ್ಲಿ ಬೇರೊಬ್ಬ ಬಂದು ಮಲಗಿ ಏಳದಿರುವಂತೆ! ಹೆಚ್ಚಾಗಿ ಸೇದುವವರ ರಕ್ತದಲ್ಲಿ ನೂರಕ್ಕೆ ಐದರಿಂದ ಹತ್ತು ಸೀಟುಗಳು ಹೀಗೆ ಅನ್ಯಾಕ್ರಾಂತವಾಗಿರುತ್ತವೆ.

ಇವೆಲ್ಲಕ್ಕಿಂತ ಗೂಢವಾದ ಕೇಡು ರಕ್ತನಾಳದ ಒಳಗೋಡೆಯಲ್ಲಿ ನಡೆಯುತ್ತದೆ. ಆರೋಗ್ಯವಂತರ ನಾಳದ ಒಳಪದರವು ರೇಷ್ಮೆಯಂತೆ ನಯವಾದುದು. ನಾಳವನ್ನು ಸಡಿಲಿಸುವ, ರಕ್ತವನ್ನು ಅಂಟದಂತೆ ನೋಡಿಕೊಳ್ಳುವ ವಸ್ತುವೊಂದನ್ನು ಅದು ತಾನೇ ತಯಾರಿಸುತ್ತದೆ. ಹೊಗೆಸೊಪ್ಪಿನ ಹೊಗೆಯಲ್ಲಿರುವ ಸಾವಿರಾರು ರಾಸಾಯನಿಕಗಳು ಈ ಪದರವನ್ನು ಗಾಯಗೊಳಿಸುತ್ತವೆ. ಗಾಯವಾದ ಕಡೆ ಕೊಬ್ಬು ಮೆತ್ತಿಕೊಳ್ಳುತ್ತದೆ, ಅದರ ಮೇಲೆ ಸುಣ್ಣ ಕಟ್ಟುತ್ತದೆ, ಕಾಲುವೆ ಕಿರಿದಾಗುತ್ತದೆ. ರಕ್ತದಲ್ಲಿರುವ ಒಳ್ಳೆಯ ಕೊಬ್ಬು ತಗ್ಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು ಮೊದಲಿಗಿಂತ ಅಂಟಾಗುತ್ತವೆ. ಇದು ಇಪ್ಪತ್ತು ವರ್ಷ ಸದ್ದಿಲ್ಲದೆ ನಡೆಯುವ ವ್ಯವಹಾರ. ಕೊನೆಗೊಂದು ದಿನ ಆ ಕೊಬ್ಬಿನ ಗಂಟು ಬಿರಿಯುತ್ತದೆ, ಅದರ ಮೇಲೆ ರಕ್ತ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ, ಧಮನಿ ಮುಚ್ಚಿಹೋಗುತ್ತದೆ. ಹೃದಯದಲ್ಲಿ ಹೀಗಾದರೆ ಹೃದಯಾಘಾತ, ಮೆದುಳಿನಲ್ಲಾದರೆ ಪಾರ್ಶ್ವವಾಯು. ಜನ ಮಾತ್ರ, “ನಿನ್ನೆಯವರೆಗೆ ಗುಂಡುಕಲ್ಲಿನ ಹಾಗಿದ್ದರು” ಎನ್ನುತ್ತಾರೆ.

ಇದು ಪರದೇಶದವರ ಪುಸ್ತಕದ ಮಾತೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ಡಾಲ್ ಮತ್ತು ಹಿಲ್ ಎಂಬ ವಿದ್ವಾಂಸರು 1951ರಿಂದ ವೈದ್ಯರ ಸಮೂಹವನ್ನೇ ಹಿಡಿದು ಸೇದುವವರ ಆಯುಸ್ಸನ್ನು ಲೆಕ್ಕವಿಟ್ಟರೆಂಬುದು ಪ್ರಸಿದ್ಧ. ಆದರೆ ನಮ್ಮ ಬೆಂಗಳೂರಿನಲ್ಲಿಯೇ ಇಂಥ ಕೆಲಸ ನಡೆದಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಅವರೂ ಸಂಗಡಿಗರೂ ಮೊದಲ ಸಲ ಹೃದಯಾಘಾತವಾದ 200 ರೋಗಿಗಳನ್ನು ಅದೇ ವಯಸ್ಸಿನ ಇತರ 200 ಜನರೊಡನೆ ಹೋಲಿಸಿ 1996ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲ ಕಾರಣಗಳಿಗಿಂತ ಮುಂದೆ ನಿಂತದ್ದು ಬೀಡಿ ಸಿಗರೇಟುಗಳೇ. ಸೇದುವವರಿಗೆ ಅಪಾಯ ಮೂರೂವರೆ ಪಟ್ಟು. ದಿನಕ್ಕೆ ಹತ್ತು ಅಥವಾ ಮೇಲ್ಪಟ್ಟು ಸೇದುವವರಿಗೆ ಆರೂವರೆ ಪಟ್ಟಿಗೂ ಹೆಚ್ಚು. ಇದೇ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರು ಮುಂದೆ 52 ದೇಶಗಳಲ್ಲಿ ಇನ್ನೂ ದೊಡ್ಡ ಶೋಧನೆ ನಡೆಸಿದರು. 2006ರಲ್ಲಿ ಹೊರಬಂದ ಅದರ ಫಲಿತಾಂಶವನ್ನು ಜರ್ದಾಪ್ರಿಯರು ಗಮನವಿಟ್ಟು ಓದಬೇಕು. ಸಿಗರೇಟಾಗಲಿ ಬೀಡಿಯಾಗಲಿ ಸೇದುವವರಿಗೆ ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟು. ಹೊಗೆಯನ್ನೇ ಕಾಣದೆ ಬರೀ ಅಗಿಯುವವರಿಗೂ ಎರಡು ಪಟ್ಟಿಗೆ ಮಿಕ್ಕಿ. ಎರಡನ್ನೂ ಮಾಡುವವರಿಗೆ ನಾಲ್ಕು ಪಟ್ಟು.

ಅಗಿಯುವುದರಲ್ಲಿ ವಿಷಾನಿಲವಿಲ್ಲ ನಿಜ. ಆದರೆ ನಿಕೋಟಿನ್ ಇದೆ. ಸುಣ್ಣ ಸೇರಿದಾಗ ಅದು ಕೆನ್ನೆಯ ಒಳಚರ್ಮದ ಮೂಲಕ ಇನ್ನೂ ಸುಲಭವಾಗಿ ರಕ್ತಕ್ಕಿಳಿಯುತ್ತದೆ. ಸಿಗರೇಟು ಐದು ನಿಮಿಷದಲ್ಲಿ ಮುಗಿದೀತು. ದವಡೆಯ ಖೈನಿ ಅರ್ಧ ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ. ಇನ್ನು ಬೀಡಿ ಚಿಕ್ಕದು, ಎಲೆಯದು, ಸ್ವದೇಶಿ ಎಂಬ ಸಮಾಧಾನವೂ ಬೇಡ. ಆರಿಹೋಗದಂತೆ ಅದನ್ನು ಮತ್ತೆ ಮತ್ತೆ, ಆಳವಾಗಿ ಎಳೆಯಬೇಕಾಗುವುದರಿಂದ ಒಳಗೆ ಹೋಗುವ ವಿಷ ಸಿಗರೇಟಿಗಿಂತ ಕಡಿಮೆಯೇನಲ್ಲ. 2008ರಲ್ಲಿ ಪ್ರಕಟವಾದ ಭಾರತದ ಶೋಧನೆಯೊಂದರಂತೆ ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಹೆಂಗಸರು 8 ವರ್ಷ, ಸಿಗರೇಟು ಸೇದುವ ಗಂಡಸರು 10 ವರ್ಷ ಆಯುಸ್ಸನ್ನು ಕಳೆದುಕೊಳ್ಳುತ್ತಾರೆ. ನಿವೃತ್ತಿವೇತನವನ್ನು ಹತ್ತು ವರ್ಷ ಪಡೆಯದೆಯೇ ಸರ್ಕಾರಕ್ಕೆ ಬಿಟ್ಟುಕೊಡುವ ಔದಾರ್ಯ ಯಾರಿಗೆ ತಾನೇ ಬೇಕು?

ಹೃದಯ, ಮೆದುಳುಗಳ ಹೊರತು ಕಾಲಿನ ಮಾತೂ ಇದೆ. 1908ರಲ್ಲಿ ಲಿಯೋ ಬರ್ಗರ್ ಎಂಬ ವೈದ್ಯನು ವಿವರಿಸಿದ್ದರಿಂದ ಅವನ ಹೆಸರೇ ಬಿದ್ದಿರುವ ರೋಗವೊಂದು ನಮ್ಮ ದೇಶದ ಬೀಡಿ ಸೇದುವ ಬಡವರಲ್ಲಿ ಅಪರೂಪವಲ್ಲ. ನಲವತ್ತೈದು ತುಂಬದ ಗಂಡಸರಲ್ಲಿಯೇ ಹೆಚ್ಚು. ಮೊದಲು ನಡೆದರೆ ಪಾದ, ಮೀನಖಂಡಗಳಲ್ಲಿ ನೋವು, ನಿಂತರೆ ಶಮನ. ಆಮೇಲೆ ಬೆರಳು ತಣ್ಣಗಾಗಿ ನೀಲಿಗಟ್ಟುವುದು, ಮಾಯದ ಹುಣ್ಣು, ಕೊನೆಗೆ ಬೆರಳು ಕಪ್ಪಾಗಿ ಕತ್ತರಿಸಬೇಕಾದ ಸ್ಥಿತಿ. ಈ ರೋಗಕ್ಕೆ ನಿಜವಾದ ಮದ್ದು ಒಂದೇ: ಹೊಗೆಸೊಪ್ಪನ್ನು ಪೂರ್ತಿ ಬಿಡುವುದು. ಕೊಳೆಯುವ ಮುನ್ನ ಬಿಟ್ಟವರಿಗೆ ಕಾಲು ಸಾಮಾನ್ಯವಾಗಿ ಉಳಿಯುತ್ತದೆ. ದಿನಕ್ಕೆ ಒಂದೆರಡೇ ಎಂದು ಉಳಿಸಿಕೊಂಡವರಿಗೆ ಉಳಿಯುವ ಭರವಸೆಯಿಲ್ಲ. ಕಾಶಿಯವರಿಗೆ ದೇವರು ಒಂದು ಪರೀಕ್ಷಾ ಯಂತ್ರವನ್ನು ಬಿಟ್ಟಿಯಾಗಿ ಕೊಟ್ಟಿದ್ದಾನೆ, ಅದೇ ಘಾಟಿನ ಮೆಟ್ಟಿಲು. ಹನುಮಾನ್ ಘಾಟಿನಲ್ಲೋ ಕೇದಾರ ಘಾಟಿನಲ್ಲೋ ಮಿಂದು ಮೇಲೇರುವಾಗ ಪ್ರತಿ ಸಲವೂ ಒಂದೇ ಕಡೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಟ್ಟುಹೋಗುವುದಾದರೆ, ಅಥವಾ ಎದೆ ಬಿಗಿಯುವುದಾದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯದೆ ವೈದ್ಯರಿಗೆ ತೋರಿಸತಕ್ಕದ್ದು.

ನಮ್ಮ ಕಚೇರಿಯಲ್ಲಿ ಈಚೆಗೆ ಒಂದು ಪ್ರಸಂಗ ನಡೆಯಿತು. ಪಕ್ಕದ ಮೇಜಿನ ಸಹೋದ್ಯೋಗಿ, ಇಲ್ಲಿಯವರೇ, ನಲವತ್ತನಾಲ್ಕು ವಯಸ್ಸು. ಬೀಡಿ ಸಿಗರೇಟು ಕೈಯಲ್ಲಿ ಹಿಡಿದವರಲ್ಲ. ಜರ್ದಾ ಪಾನ್ ಮಾತ್ರ ದಿನಕ್ಕೆ ಹದಿನೈದು. ಒಂದು ಬೆಳಿಗ್ಗೆ ಎದೆಯ ನಡುವೆ ಭಾರ, ಮೈಯೆಲ್ಲ ಬೆವರು. “ಗ್ಯಾಸ್ ಹೈ” ಎಂದು ಓಮಿನ ಕಾಳು ಅಗಿದು ನೀರು ಕುಡಿದು, ವಾಯು ಹೊರಡಲೆಂದು ಇನ್ನೊಂದು ಪಾನ್ ಹಾಕಿಕೊಂಡರು. ನಾಲ್ಕು ಗಂಟೆ ಕಳೆದ ಮೇಲೆ ಮನೆಯವರು ಹಿಂದೂ ವಿಶ್ವವಿದ್ಯಾನಿಲಯದ ಸರ್ ಸುಂದರಲಾಲ್ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಆದರೆ ಆ ನಾಲ್ಕು ಗಂಟೆಗಳಲ್ಲಿ ರಕ್ತವಿಲ್ಲದೆ ಸತ್ತ ಹೃದಯದ ಮಾಂಸ ಮರಳಲಿಲ್ಲ. ಈಗ ಒಂದು ಅಂತಸ್ತು ಹತ್ತಲು ಮೂರು ಸಲ ಕೂರುತ್ತಾರೆ. ಮಗಳ ಮದುವೆಗೆ ಕೂಡಿಟ್ಟ ಹಣದ ಬಹುಭಾಗ ಖರ್ಚಾಯಿತು. ಅವರ ಪತ್ನಿ ನಮ್ಮ ಮನೆಯಾಕೆಯೊಡನೆ ಹೇಳಿದ ಮಾತು: “ಬಾಯಿ ನೋಡಿಕೊಳ್ಳಿ ಎಂದು ಎಲ್ಲರೂ ಹೇಳಿದ್ದರು ಬೆಹನ್‌ಜೀ, ಎದೆಯ ಮಾತನ್ನು ಯಾರೂ ಹೇಳಲಿಲ್ಲ.” ಆ ಮಾತೇ ಈ ಲೇಖನವನ್ನು ಬರೆಯಿಸಿತು.

ಆದುದರಿಂದ ಗೃಹಿಣಿಯರು ಇಷ್ಟನ್ನು ನೆನಪಿಡಲಿ. ಎದೆಯ ನಡುವೆ ಒತ್ತಿದಂಥ ನೋವು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಸಿರುಕಟ್ಟು, ಕಾರಣವಿಲ್ಲದ ವಾಂತಿ ಇವು ಕಂಡರೆ ಓಮು, ಸೋಡಾಗಳ ಪ್ರಯೋಗ ಬೇಡ. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವಿಲ್ಲದೆ ಬರೀ ಸುಸ್ತು, ಉಬ್ಬಸವಾಗಿಯೂ ಇದು ಬರಬಹುದು. ಮೊದಲ ಗಂಟೆಗೆ ಇರುವ ಬೆಲೆ ಆಮೇಲಿನ ಇಡೀ ದಿನಕ್ಕಿಲ್ಲ.

ಸೇದದವರೂ ಪೂರ್ತಿ ಪಾರಾಗಿಲ್ಲ. ಕಾಶಿಯ ಗಲ್ಲಿಮನೆಗಳು ಎಂಥವೆಂದು ನಮಗೆ ಗೊತ್ತು: ಒಂದು ಕೋಣೆ, ಒಂದು ಕಿಟಕಿ. ಯಜಮಾನರು ಅಲ್ಲಿ ಕೂತು ಸೇದಿದರೆ ಹೊಗೆ ಮಗುವಿನ ತೊಟ್ಟಿಲಿಗೂ ಹೋಗುತ್ತದೆ. ಪರರ ಹೊಗೆಯನ್ನು ಉಸಿರಾಡುವವರಿಗೂ ಹೃದ್ರೋಗದ ಅಪಾಯ ನೂರಕ್ಕೆ 25ರಿಂದ 30ರಷ್ಟು ಹೆಚ್ಚೆಂದು ತಿಳಿದುಬಂದಿದೆ. ಗರ್ಭಿಣಿಯರು ಸೊಪ್ಪನ್ನು ಅಗಿದರೆ ಮಗುವಿಗೆ ರಕ್ತ ಒಯ್ಯುವ ನಾಳಗಳು ಬಿಗಿದು, ಕೂಸು ತೂಕ ಕಡಿಮೆಯಾಗಿ ಹುಟ್ಟುತ್ತದೆ.

ಈಗ ವಾದಗಳಿಗೆ ಬರೋಣ. ನಮ್ಮ ಜನ ಬಿಡುವುದರಲ್ಲಿ ಹಿಂದಾದರೂ ವಾದದಲ್ಲಿ ಹಿಂದಲ್ಲ. “ನಮ್ಮಜ್ಜ ತೊಂಬತ್ತರವರೆಗೂ ಸೇದಿದರು” ಎಂಬುದು ಮೊದಲನೆಯದು. ನಿಜವಿರಬಹುದು, ಆದರೆ ಐವತ್ತಕ್ಕೆ ಹೋದ ಅಜ್ಜಂದಿರು ಜಗಲಿಯಲ್ಲಿ ಕೂತು ಮೊಮ್ಮಕ್ಕಳಿಗೆ ಕಾಣಿಸಿಕೊಳ್ಳುವುದಿಲ್ಲವಷ್ಟೆ. “ಬೆಳಿಗ್ಗೆ ಅದಿಲ್ಲದೆ ಹೊಟ್ಟೆ ಖುಲಾಸೆಯಾಗುವುದಿಲ್ಲ” ಎಂಬುದು ಎರಡನೆಯದು. ಬಿಟ್ಟ ಹೊಸತರಲ್ಲಿ ಹಾಗಾಗುವುದುಂಟು. ಬೆಚ್ಚಗಿನ ನೀರು, ಸೊಪ್ಪು ತರಕಾರಿ, ನಡಿಗೆ ಇವುಗಳಿಂದ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. “ತಲೆಬಿಸಿ ಇಳಿಯುತ್ತದೆ” ಎಂಬುದು ಮೂರನೆಯದು. ನಿಕೋಟಿನ್ ಇಳಿದಾಗ ಹುಟ್ಟುವ ಚಡಪಡಿಕೆಯನ್ನು ನಿಕೋಟಿನ್ನೇ ಶಮನ ಮಾಡುತ್ತದೆ. ಬೆಂಕಿ ಹಚ್ಚಿದವನೇ ನೀರು ತಂದು ಉಪಕಾರ ಹೊರಿಸಿದಂತೆ. “ದಿನಕ್ಕೆ ಒಂದೇ ಒಂದು” ಎಂಬುದು ಕೊನೆಯದು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂದ ಲೆಕ್ಕದಂತೆ ದಿನಕ್ಕೆ ಒಂದೇ ಸಿಗರೇಟು ಸೇದುವವರ ಹೃದಯಕ್ಕೂ, ಇಪ್ಪತ್ತು ಸೇದುವವರ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು ತಗಲುತ್ತದೆ. ಹೃದಯದ ಅಂಗಡಿಯಲ್ಲಿ ಚಿಲ್ಲರೆ ವ್ಯಾಪಾರವಿಲ್ಲ.

ಕಾನೂನೂ ತನ್ನ ಕೈಲಾದಷ್ಟು ಮಾಡಿದೆ. 2003ರ ಶಾಸನ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ತಡೆ, 2013ರಲ್ಲಿ ಉತ್ತರ ಪ್ರದೇಶದಲ್ಲಿಯೂ ಕರ್ನಾಟಕದಲ್ಲಿಯೂ ಗುಟ್ಕಾಕ್ಕೆ ನಿಷೇಧ. ನಿಷೇಧ ಬಂದುದೇ ತಡ, ಮಸಾಲೆ ಒಂದು ಪೊಟ್ಟಣ, ಸೊಪ್ಪು ಇನ್ನೊಂದು ಪೊಟ್ಟಣವಾಗಿ ಅಕ್ಕಪಕ್ಕದಲ್ಲಿ ತೂಗಾಡತೊಡಗಿದವು. ಗಿರಾಕಿಯೇ ಅಂಗೈಯಲ್ಲಿ ಬೆರೆಸಿಕೊಂಡ. ಚಾಪೆಯ ಕೆಳಗೆ ತೂರುವವನಿಗೆ ರಂಗೋಲಿಯ ಕೆಳಗೆ ತೂರುವವನು ಸಿಕ್ಕೇ ಸಿಗುತ್ತಾನೆ. ಆದುದರಿಂದ ಕಾನೂನು ಮನೆಯೊಳಗಿಂದಲೇ ಹೊರಡಬೇಕು.

ಇಷ್ಟು ಹೆದರಿಸಿದ ಮೇಲೆ ಸಂತೋಷದ ಸಂಗತಿಯನ್ನು ಹೇಳದಿದ್ದರೆ ಪಾಪ ಬಂದೀತು. ಕ್ಷಮಿಸುವುದರಲ್ಲಿ ಹೃದಯದಂಥ ಅಂಗ ಬೇರೊಂದಿಲ್ಲ. ಸೇದುವುದನ್ನು ನಿಲ್ಲಿಸಿದ ಇಪ್ಪತ್ತು ನಿಮಿಷಕ್ಕೆ ನಾಡಿಯೂ ರಕ್ತದ ಒತ್ತಡವೂ ಇಳಿಯತೊಡಗುತ್ತವೆ. ಒಂದು ದಿನದೊಳಗೆ ವಿಷಾನಿಲ ರಕ್ತದಿಂದ ಖಾಲಿಯಾಗುತ್ತದೆ. ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ. ಹದಿನೈದು ವರ್ಷಕ್ಕೆ, ಎಂದೂ ಸೇದದವರ ಸಮಕ್ಕೆ ಬರುತ್ತದೆ. ಒಮ್ಮೆ ಹೃದಯಾಘಾತವಾದವರು ಬಿಟ್ಟರೂ ಮುಂದಿನ ಸಾವಿನ ಭಯ ಮೂರರಲ್ಲಿ ಒಂದು ಪಾಲು ತಗ್ಗುತ್ತದೆ. ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿದ ಲೆಕ್ಕದಲ್ಲಿ, ಅರವತ್ತಕ್ಕೆ ಬಿಟ್ಟವರು 3 ವರ್ಷ, ಐವತ್ತಕ್ಕೆ ಬಿಟ್ಟವರು 6, ನಲವತ್ತಕ್ಕೆ ಬಿಟ್ಟವರು 9, ಮೂವತ್ತಕ್ಕೆ ಬಿಟ್ಟವರು 10 ವರ್ಷ ಆಯುಸ್ಸನ್ನು ಮರಳಿ ಗಳಿಸಿದರು. ಇಂಥ ಬಡ್ಡಿ ಯಾವ ಬ್ಯಾಂಕಿನಲ್ಲಿದೆ?

ಬಿಡುವ ಕ್ರಮ ಹೇಗೆ? ಒಂದು ದಿನವನ್ನು ಗೊತ್ತುಮಾಡಿ ಮನೆಯವರಿಗೆಲ್ಲ ತಿಳಿಸಿ. ಡಬ್ಬಿ, ಪೊಟ್ಟಣ, ಬೆಂಕಿಪೆಟ್ಟಿಗೆಗಳು ಮನೆಯಲ್ಲಿರಕೂಡದು. ಕಚೇರಿಗೆ ಹೋಗುವ ದಾರಿಯಲ್ಲಿ ಪರಿಚಿತ ಪಾನ್ ಅಂಗಡಿ ಇದ್ದರೆ ಬೇರೆ ಗಲ್ಲಿಯನ್ನು ಹಿಡಿಯಿರಿ. ಈ ಊರಿನಲ್ಲಿ ಗಲ್ಲಿಗಳಿಗೇನು ಬರ? ಆಸೆ ಕೆರಳಿದಾಗ ಅದು ನಾಲ್ಕೈದು ನಿಮಿಷ ಮಾತ್ರ ಇರುತ್ತದೆ. ಅಷ್ಟು ಹೊತ್ತು ಏಲಕ್ಕಿಯೋ ಸೋಂಪೋ ಒಣಗಿದ ನೆಲ್ಲಿಕಾಯಿಯೋ ಬಾಯಲ್ಲಿರಲಿ. ಮೊದಲ ಮೂರು ದಿನ ಕಷ್ಟ. ಸಿಡುಕು, ತಲೆನೋವು ಸಹಜ. ಆ ದಿನಗಳಲ್ಲಿ ಮನೆಯಾಕೆ ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ಯಜಮಾನರು ಸುಮ್ಮನಿರಲಿ, ಯಜಮಾನರು ಸಿಡುಕಿದರೂ ಮನೆಯಾಕೆ ಕ್ಷಮಿಸಲಿ. ತಾವೇ ಬಿಡಲಾಗದಿದ್ದರೆ ವೈದ್ಯರ ಸಲಹೆಯಂತೆ ಔಷಧಿಗಳಿವೆ. 1800-11-2356 ಎಂಬ ಸರ್ಕಾರದ ಉಚಿತ ದೂರವಾಣಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಅದರ ಕೇಂದ್ರಗಳಲ್ಲೊಂದು, ಆದುದರಿಂದ ಕನ್ನಡದಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು. ಒಮ್ಮೆ ಜಾರಿದರೆ ಎಲ್ಲವೂ ಹೋಯಿತೆಂದು ಕೂರಬೇಡಿ. ಹಲವು ಸಲ ಬಿಟ್ಟವರೇ ಕೊನೆಗೆ ಪೂರ್ತಿ ಬಿಟ್ಟವರು.

ಕೊನೆಯದಾಗಿ ನಮ್ಮ ಬಳಗಕ್ಕೆ ಒಂದೆರಡು ಅರಿಕೆ. ಊರಿಗೆ ಹೊರಟಾಗ ಗಂಗೆಯ ಥಾಲಿ, ಕಾಶೀದಾರಗಳ ಜೊತೆಗೆ ಜರ್ದಾ ಡಬ್ಬಿಯನ್ನೂ ಕಟ್ಟಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ಮಾವನವರು ಕೇಳಿದರು, ದೊಡ್ಡಪ್ಪನವರು ಹೇಳಿಕಳಿಸಿದರು ಎಂದು ಸಂಕೋಚ. ಗಂಗಾಜಲ ಒಯ್ದ ಕೈಯಿಂದಲೇ ಹಿರಿಯರಿಗೆ ಹೃದ್ರೋಗವನ್ನೂ ಒಯ್ದು ಕೊಡುವುದೇ? ಬದಲಿಗೆ ಒಂದು ಡಬ್ಬಿ ಪೇಡೆ ಒಯ್ಯೋಣ. ಹಾಗೆಯೇ ರಾಜ್ಯೋತ್ಸವ, ಯುಗಾದಿಗಳ ಊಟವಾದ ಮೇಲೆ ನಮ್ಮ ಸಂಘದ ತಾಂಬೂಲದ ತಟ್ಟೆಯಲ್ಲಿ ಜರ್ದಾ ಇರಕೂಡದೆಂದು ಕಾರ್ಯಕಾರಿ ಸಮಿತಿಯವರು ಒಂದು ಸಾಲಿನ ಠರಾವು ಮಾಡಲಿ. ಎಳೆಯರು ನೋಡುತ್ತಿರುತ್ತಾರೆ.

ಕಾಶಿಗೆ ಬಂದವರು ಪ್ರಿಯವಾದ ಒಂದನ್ನು ಇಲ್ಲಿ ಬಿಟ್ಟು ಹೋಗಬೇಕೆಂಬುದು ನಮ್ಮ ಹಿರಿಯರ ಸಂಪ್ರದಾಯ. ಅನೇಕರು ಹಾಗಲಕಾಯಿಯನ್ನೋ ಸೀಬೆಹಣ್ಣನ್ನೋ ಬಿಡುತ್ತಾರೆ. ಅದು ಅವರಿಗೆ ಮೊದಲೇ ಸೇರುತ್ತಿರಲಿಲ್ಲವೆಂಬ ಗುಟ್ಟು ಮನೆಯವರಿಗೆ ಮಾತ್ರ ಗೊತ್ತು! ನಾವಾದರೋ ಕಾಶಿಯಲ್ಲಿಯೇ ವಾಸವಾಗಿರುವವರು. ಬಿಡುವ ಪುಣ್ಯ ನಮಗೆ ದಿನವೂ ಲಭ್ಯ. ಬಿಡುವುದಾದರೆ ಇದನ್ನು ಬಿಡೋಣ. ಬಿಟ್ಟ ಡಬ್ಬಿಯನ್ನು ಮಾತ್ರ ಗಂಗೆಗೆ ಹಾಕಬೇಡಿ. ಕಸದ ಬುಟ್ಟಿಗೆ ಹಾಕಿ. ಆ ತಾಯಿಯ ಮೀನುಗಳು ನಮಗೇನು ಅಪಕಾರ ಮಾಡಿವೆ?

ಬಿಟ್ಟವರು ಒಂದು ಕಾರ್ಡು ಬರೆದು ತಿಳಿಸಿದರೆ ನಮಗೆ ಸಂತೋಷ. ಹೆಸರು ಪ್ರಕಟಿಸುವುದಿಲ್ಲ, ಎಷ್ಟು ಮನೆಗಳೆಂದು ಲೆಕ್ಕ ಮಾತ್ರ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.